ಅಪರಿಗ್ರಹಕ್ಕೆ ಎಷ್ಟು ಕೊಡ?

ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಧಾರವಾಡದ ಹೆಣ್ಣುಮಕ್ಕಳ ಮುಂದೆ ಹೇಳುವುದು ಸುಲಭವಲ್ಲ. ಗಂಡ ಮಾರಯ್ಯ ಒಂದು ದಿನ ಬಸವಣ್ಣನವರ ಮಹಾಮನೆಯ ಅಂಗಳದಿಂದ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಮರಳಿ ಅಟ್ಟಿದವಳು ಆಕೆ. ನಮ್ಮ ಅಕ್ಕನ ಬಳಗದಲ್ಲಿ ನಾನು ಇದನ್ನು ವಿವರಿಸುತ್ತಿದ್ದಾಗ ಹಿಂದೆ ಕೂತಿದ್ದವಳೊಬ್ಬಳು ಕೇಳಿದಳು: “ಅಕ್ಕಾರ, ಎಂಟು ದಿನಕ್ಕೊಮ್ಮೆ ನಳ ಬರೋ ಓಣ್ಯಾಗ ಲಕ್ಕಮ್ಮ ಇದ್ದಿದ್ರ ಎಷ್ಟು ಕೊಡ ತುಂಬಿಡ್ತಿದ್ಲ್ರಿ?” ಎಲ್ಲರೂ ನಕ್ಕರು. ನಗು ನಿಂತ ಮೇಲೂ ಪ್ರಶ್ನೆ ನಿಂತೇ ಇತ್ತು.

ಶರಣರು ನಾಳೆಗೆಂದು ಕೂಡಿಡುವುದನ್ನು ಒಪ್ಪಲಿಲ್ಲ. ಹೀಗೆ ಕೂಡಿಡದಿರುವ ಅಪರಿಗ್ರಹ ಜೈನರ ಐದು ವ್ರತಗಳಲ್ಲಿ ಒಂದು, ಪತಂಜಲಿಯ ಯಮಗಳಲ್ಲೂ ಅದಿದೆ. ಇವರೆಲ್ಲರಿಗೂ ಕೂಡಿಡುವ ಚಟವೆಂದರೆ ಮನಸ್ಸಿನ ರೋಗ. ಆದರೆ ಮಾರಯ್ಯನಿಗೆ ಮರುದಿನವೂ ಆ ಅಂಗಳದಲ್ಲಿ ಅಕ್ಕಿ ಬಿದ್ದಿರುತ್ತದೆಂಬ ಖಾತ್ರಿ ಇತ್ತು. ಆ ಖಾತ್ರಿ ಇದ್ದದ್ದು ಅವನ ಎದೆಯಲ್ಲೋ, ದಿನವೂ ತಪ್ಪದೆ ನಡೆಯುತ್ತಿದ್ದ ದಾಸೋಹದಲ್ಲೋ?

ನಾನು ತತ್ತ್ವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಆದರೂ ಈ ಪ್ರಶ್ನೆಗೆ ನನ್ನ ಪುಸ್ತಕಗಳಿಗಿಂತ ಹೆಚ್ಚು ಬೆಳಕು ಕೊಟ್ಟದ್ದು ನಮ್ಮೂರ ಪೈಪುಗಳು. ನಮಗೆ ನೀರು ಬರುವುದು ಮಲಪ್ರಭೆಯಿಂದ, ಸವದತ್ತಿಯ ಜಲಾಶಯದಿಂದ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಹೊಸ ಪೈಪು ಹಾಕಿ ಹಗಲೂ ರಾತ್ರಿ ನೀರು ಬಿಟ್ಟರು. ಉಳಿದ ಓಣಿಗಳು ಹಿಂದಿನಂತೆ ಸರದಿ ಕಾದವು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಎಂಜಿನಿಯರರು, ರೋಗ ಹರಡುವ ಬಗೆಯನ್ನು ಓದಿದವರು, ಸಮಾಜ ವಿಜ್ಞಾನಿಗಳು ಬಂದು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ಮನೆಗಳನ್ನು ಹೋಲಿಸಿ ನೋಡಿದರು. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಬಿರುಕುಗಳಿಂದ ಹೊರಗಿನ ಹೊಲಸು ಒಳಸೇರುತ್ತದೆ. ಸರದಿಯ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಹೆಚ್ಚು ಸಿಕ್ಕಿತು, ಅದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ಬೇರೆ ಕಡೆ ಇತ್ತು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ನೀರು ನಿಲ್ಲದೆ ಬಂದ ಮಾತ್ರಕ್ಕೆ ಮಕ್ಕಳ ಭೇದಿ ಒಟ್ಟಾರೆ ಕಡಿಮೆಯಾಗಲಿಲ್ಲ. ರಕ್ತಭೇದಿ ಮಾತ್ರ ಬಡವರ ಮನೆಗಳಲ್ಲಿ ಇಳಿದಿತ್ತು. ಇನ್ನೊಂದು ಸಂಗತಿಯನ್ನೂ ಅವರು ಗುರುತಿಸಿದರು: ನಳ ಸದಾ ಹರಿಯುತ್ತಿದ್ದ ಮನೆಗಳಲ್ಲೂ ಜನ ಕೊಡ, ಬ್ಯಾರಲ್ಲುಗಳಲ್ಲಿ ನೀರು ತುಂಬಿಡುವುದನ್ನು ಬಿಟ್ಟಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತು. ಪೈಪು ಬಂತು, ನಂಬಿಕೆ ಬರಲಿಲ್ಲ. ವರ್ಷಗಟ್ಟಲೆ ಕೂತ ಭಯ ವಾಲ್ವ್ ತಿರುಗಿಸಿದ ಕೂಡಲೇ ಇಳಿಯುವಂಥದ್ದಲ್ಲ. ಹಾಗೆಂದು ಅದನ್ನು ಲೋಭ ಎನ್ನಲು ನಾನು ತಯಾರಿಲ್ಲ.

ನಮ್ಮ ಅತ್ತೆಯವರನ್ನೇ ನೋಡಿ. ನಳ ಬರುವ ದಿನ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಉಳಿದ ನೀರನ್ನು ಅಂಗಳಕ್ಕೆ ಸುರಿಯುವುದು. “ಹಳೇ ನೀರು ದೇವರಿಗೆ ಬ್ಯಾಡವಾ, ಹೊಸಾದು ಬಂದೈತಿ.” ವಾರವೆಲ್ಲ ಜೋಪಾನ ಮಾಡಿದ್ದು ಗಟಾರಕ್ಕೆ! ಮೊದಲ ದಿನ ಬಾಗಿಲಿಗೆ ಬಂದವರಿಗೆಲ್ಲ ತಂಬಿಗೆ ತುಂಬಾ ನೀರು. ಆರನೇ ದಿನಕ್ಕೆ ಅದೇ ಕೈ ಲೋಟ ಹುಡುಕುತ್ತಿತ್ತು. ಜಿಪುಣತನ ಅವರ ಸ್ವಭಾವವಲ್ಲ, ಅವರ ಔದಾರ್ಯಕ್ಕೂ ಒಂದು ಸರದಿ ಇತ್ತು, ಅಷ್ಟೆ. ಆ ಲೋಟ ಕೊಡುವಾಗ ಅವರು ಬಂದವರ ಮುಖ ನೋಡುತ್ತಿರಲಿಲ್ಲ.

ಆ ನಾಚಿಕೆಯನ್ನೂ ಈಗ ಅಳೆಯುತ್ತಾರೆ. 2019ರಲ್ಲಿ ಸಂಶೋಧಕಿ ಸೆರಾ ಯಂಗ್ ಮತ್ತು ಹಲವು ದೇಶಗಳ ಸಂಗಡಿಗರು ಮನೆಮನೆಯ ನೀರಿನ ಅಭದ್ರತೆ ತಿಳಿಯಲು 12 ಪ್ರಶ್ನೆಗಳ ಒಂದು ಮಾಪಕ ತಂದರು. ಎಷ್ಟು ಲೀಟರ್ ಎಂಬ ಲೆಕ್ಕ ಅದರಲ್ಲಿಲ್ಲ. ಕಳೆದ 4 ವಾರಗಳಲ್ಲಿ ನೀರಿಗಾಗಿ ಚಿಂತೆಯಾಯಿತೆ, ಸಿಟ್ಟು ಬಂತೆ, ನಾಚಿಕೆಪಟ್ಟಿರಾ, ಕೈ ತೊಳೆಯಲಾಗಲಿಲ್ಲವೆ ಎಂದು ಕೇಳುತ್ತಾರೆ. ಒಟ್ಟು 36 ಅಂಕಗಳಲ್ಲಿ 12 ಮುಟ್ಟಿದರೆ ಆ ಮನೆಗೆ ನೀರಿನ ಭದ್ರತೆಯಿಲ್ಲ ಎಂದು ಅರ್ಥ. ಸಿಟ್ಟು, ಲಜ್ಜೆಗಳನ್ನು ನಾವು ನೀತಿಶಾಸ್ತ್ರದ ತರಗತಿಯಲ್ಲಿ ಪಾಠ ಮಾಡುತ್ತಿದ್ದೆವು, ಇವರು ನಳದ ಬುಡದಲ್ಲಿ ಎಣಿಸಿದರು. ಅವರದೇ ಸರಿಯಾದ ಜಾಗ.

ಇನ್ನೊಂದು ಮಾತು. ಬೀದಿಯಲ್ಲಿ ಸಾಲಾಗಿಟ್ಟ ಹತ್ತು ಕೊಡ ಎಲ್ಲರ ಕಣ್ಣಿಗೂ ಬೀಳುತ್ತವೆ, “ಎಷ್ಟ್ ತುಂಬತಾಳವಾ” ಎಂಬ ಮಾತೂ ಬರುತ್ತದೆ. ಸಂಪು ನೆಲದೊಳಗಿರುತ್ತದೆ, ಯಾರಿಗೂ ಕಾಣುವುದಿಲ್ಲ. ಮೋಟಾರು ಹಚ್ಚಿ ಓಣಿಯ ನೀರನ್ನೆಲ್ಲ ಎಳೆದುಕೊಳ್ಳುವವನು ಸಂಜೆ ಪ್ರವಚನದಲ್ಲಿ ಮೊದಲ ಸಾಲಿನಲ್ಲಿ ಕೂತಿರುತ್ತಾನೆ. ಕೂಡಿಡುವುದು ಪಾಪವಾದರೆ ಲೆಕ್ಕ ಅಲ್ಲಿಂದ ಶುರುವಾಗಲಿ.

ಅಪರಿಗ್ರಹ ವ್ಯಕ್ತಿಯ ಗುಣವಾಗುವ ಮೊದಲು ಊರಿನ ಗುಣವಾಗಬೇಕು ಎಂಬುದು ನನ್ನ ತೀರ್ಮಾನ. ಅದಕ್ಕೆ ಕೋಟಿಗಟ್ಟಲೆ ಹಣ ಬರುವ ತನಕ ಕಾಯಬೇಕಿಲ್ಲ, ನೀರು ಯಾವಾಗ ಬರುತ್ತದೆಂಬ ಖಾತ್ರಿಯಿಂದಲೇ ಶುರುಮಾಡಬಹುದು. ವಾಲ್ವ್‌ಮನ್‌ಗಳಿಂದ ತಿಳಿದುಕೊಂಡು ನೀರು ಬರುವ ಹೊತ್ತನ್ನು ಮೊಬೈಲಿಗೆ ಸಂದೇಶವಾಗಿ ಕಳಿಸುವ ನೆಕ್ಸ್ಟ್‌ಡ್ರಾಪ್ ಎಂಬ ಸೇವೆ ಹಿಂದೆ ಹುಬ್ಬಳ್ಳಿಯಲ್ಲೇ ಶುರುವಾಗಿತ್ತು. ಪ್ರವಚನಕಾರರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಶ್ರಾವಣದಲ್ಲಿ ಒಂದು ಸಂಜೆಯಾದರೂ ನೀರು ಸರಬರಾಜಿನ ಎಂಜಿನಿಯರರನ್ನು ವೇದಿಕೆಗೆ ಕರೆಯಿರಿ. ನೀರು ಬಿಡುವ ದಿನ, ಹೊತ್ತನ್ನು ಮೊದಲೇ ತಿಳಿಸಿ, ತಪ್ಪದೆ ಬಿಡುತ್ತೀರಾ ಎಂದು ಎಲ್ಲರೆದುರು ಕೇಳಿರಿ.