ಹದಕ್ಕೆ ಕಾದ ಕೋಲು

ಪೂಲ್ ಆಡುವವರಿಗೆಲ್ಲ ಒಂದು ಚಟವಿದೆ. ಗೋಡೆಯಿಂದ ಕ್ಯೂ ಇಳಿಸಿದವರೇ ಮೊದಲು ಅದನ್ನು ಮೇಜಿನ ಮೇಲೆ ಮಲಗಿಸಿ, ಅಂಗೈಯಿಂದ ಮೆಲ್ಲಗೆ ತಳ್ಳಿ ಉರುಳಿಸುತ್ತಾರೆ. ಹಸಿರು ಬಟ್ಟೆಯ ಮೇಲೆ ಅದು ಮೋಡದ ನೆರಳಿನಂತೆ ಸದ್ದಿಲ್ಲದೆ ಸರಿದು ಹೋದರೆ ಕೋಲು ನೆಟ್ಟಗಿದೆ. ಸುತ್ತಿಗೊಮ್ಮೆ ತುದಿ ಎದ್ದು ಕೂತು, ಎದ್ದು ಕೂತು ಮಾಡಿದರೆ ಎಲ್ಲೋ ಬಾಗಿದೆ. ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯ ಹಾಗೆ ಏರಿ ಇಳಿಯುವ ಆ ತುದಿಯನ್ನು ನೋಡುವಾಗಲೆಲ್ಲ, ಕಡಿದು ಸೀಳಿ ಕಡೆದು ಬಣ್ಣ ಹಚ್ಚಿದ ಮೇಲೂ ಈ ಮರ ಪೂರ್ತಿ ಸತ್ತಿಲ್ಲವೇನೋ ಎನ್ನಿಸುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ, ಹಿಮ ಬಿದ್ದ ಸಂಜೆಗಳನ್ನು ಕಳೆಯಲು ಕಲಿತ ಆಟ ಇದು. ಬೇರೆಯವರ ಕೋಲಿನಲ್ಲಿ ಎಷ್ಟು ದಿನ ಆಡುವುದು ಎಂದು ಒಂದು ದಿನ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ನಿಂತಿದ್ದ ಕ್ಯೂಗಳು, ಒಂದೊಂದೂ 58 ಇಂಚು, 19 ಔನ್ಸಿನ ಆಸುಪಾಸು, ಅಂದರೆ ಅರ್ಧ ಕಿಲೋಗಿಂತ ತುಸು ಹೆಚ್ಚು. ಎರಡನ್ನು ಕೈಗೆತ್ತಿಕೊಂಡು ಕಣ್ಣು ಮುಚ್ಚಿದರೆ ಯಾವುದು ಎಡಗೈಯದು ಯಾವುದು ಬಲಗೈಯದು ತಿಳಿಯದಷ್ಟು ಒಂದೇ ತೂಕ, ಒಂದೇ ನುಣುಪು. ಕಾರ್ಖಾನೆಯ ಮಾಲನ್ನು ಕಂಡರೆ ಮೂಗು ಮುರಿಯುವುದು ನಮ್ಮಲ್ಲಿ ಒಂದು ರೂಢಿಯಾಗಿದೆ. ನನಗೆ ಅಲ್ಲಿ ಮೂಗು ಮುರಿಯಲಾಗಲಿಲ್ಲ. ಚೆಂಡಿನ ನಡುಬಿಂದುವನ್ನು ಬಿಟ್ಟು ಪಕ್ಕಕ್ಕೆ ಹೊಡೆದರೆ ಅದು ಗುರಿಯಿಂದ ಕೂದಲೆಳೆಯಷ್ಟು ಹೊರಗೆ ಸರಿದು ಓಡುತ್ತದೆ. ಕೋಲಿನ ಮುಂತುದಿಯ ಭಾರವೇ ಅದಕ್ಕೆ ಕಾರಣವೆಂದು ಕಂಡುಕೊಂಡು, 1990ರ ದಶಕದಲ್ಲಿ ಪ್ರಿಡೇಟರ್ ಎಂಬ ಕಂಪನಿಯವರು ಮೇಪಲ್ ಮರವನ್ನು ಕಿತ್ತಳೆಯ ತೊಳೆಗಳಂತೆ ಸೀಳಿ, ಸುತ್ತಲೂ ಜೋಡಿಸಿ ಅಂಟಿಸಿ, ತುದಿಯನ್ನು ಹಗುರ ಮಾಡಿದರು. ಅದರಿಂದ ಆ ಓರೆ ಓಟ ತಗ್ಗಿತು. ಚರ್ಮದ ಟಿಪ್ ಚೆಂಡನ್ನು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಹೆಚ್ಚೆಂದರೆ ಎರಡು. ಅಷ್ಟು ಸಣ್ಣ ಮುಟ್ಟುವಿಕೆಗಾಗಿ ಯಾರೋ ಇಷ್ಟು ತಲೆ ಕೆಡಿಸಿಕೊಂಡಿದ್ದಾರಲ್ಲ ಎಂದು ಆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತು, ಕೊಳ್ಳಲು ಬಂದದ್ದನ್ನೇ ಮರೆತು, ತುಂಬ ಹೊತ್ತು ನೋಡಿದೆ.

ಕೊನೆಗೆ ಒಂದನ್ನು ಕೊಂಡೆ. ಆದರೆ ಅಂಗಡಿಯವನು ಹಣ ಎಣಿಸಿಕೊಳ್ಳುತ್ತ, ಊರಾಚೆ ಒಬ್ಬ ಮುದುಕ ಇದ್ದಾನೆ, ಮನೆಯ ಹಿತ್ತಲಲ್ಲಿ ಕೈಯಿಂದ ಕ್ಯೂ ಮಾಡಿಕೊಡುತ್ತಾನೆ, ಸುಮ್ಮನೆ ನೋಡಿ ಬನ್ನಿ ಎಂದ. ಆ 'ಸುಮ್ಮನೆ'ಯಿಂದಲೇ ಎಲ್ಲ ಶುರುವಾದದ್ದು.

ಮುದುಕನ ಹಿತ್ತಲ ಕೊಟ್ಟಿಗೆಯ ಬಾಗಿಲು ತೆರೆದಾಗ ಮೊದಲು ಕಂಡದ್ದು ಮಾಡಿನಿಂದ ನೇತುಬಿದ್ದ ಕೋಲುಗಳ ಕಾಡು. ನೂರಕ್ಕೆ ಕಡಿಮೆಯಿಲ್ಲದಷ್ಟು ಮೇಪಲ್ ಶಾಫ್ಟುಗಳು, ಅಂದರೆ ಕ್ಯೂನ ಮುಂದಿನರ್ಧಗಳು, ಹಾಲಿನ ಕೆನೆಯ ಬಣ್ಣದವು, ದಾರಕ್ಕೆ ಜೋತು, ಬಾಗಿಲಿನಿಂದ ಬಂದ ಗಾಳಿಗೆ ಒಂದಕ್ಕೊಂದು ತಾಗಿ, ಹಬ್ಬ ಮುಗಿದ ಮೇಲೆ ಮೂಲೆಗಿಟ್ಟ ಕೋಲಾಟದ ಕೋಲುಗಳು ತಮ್ಮಷ್ಟಕ್ಕೇ ಮಾತಾಡಿಕೊಂಡ ಹಾಗೆ ಸಣ್ಣಗೆ ಸದ್ದು ಮಾಡುತ್ತಿದ್ದವು. ಮುದುಕ ಮಾತು ಕಡಿಮೆ. ಕೇಳಿದ್ದಕ್ಕೆ ಕೈ ತೋರಿಸುತ್ತಿದ್ದ, ಅಷ್ಟೆ. ಆದರೂ ಸಂಜೆಯ ಹೊತ್ತಿಗೆ ನನಗೆ ತಿಳಿದದ್ದು ಇಷ್ಟು: ಕೋಲನ್ನು ಒಂದೇ ಸಲಕ್ಕೆ ಬೇಕಾದ ದಪ್ಪಕ್ಕೆ ತರಬಾರದು. ಲೇತಿಗೆ ಕಟ್ಟಿ ತೆಳ್ಳನೆಯ ಒಂದು ಸಿಪ್ಪೆಯನ್ನಷ್ಟೇ ತೆಗೆದು, ಮತ್ತೆ ನೇತು ಹಾಕಬೇಕು. ಸಿಪ್ಪೆ ಹೋದಾಗ ಮರದೊಳಗೆ ಎಲ್ಲೋ ಹಿಡಿದಿಟ್ಟ ಬಿಗಿ ಸಡಿಲಾಗುತ್ತದೆ, ಕೋಲು ಒಂದಿಷ್ಟು ಮಿಸುಕುತ್ತದೆ, ಬಾಗಬೇಕೆಂದಿದ್ದರೆ ಬಾಗುತ್ತದೆ. ವಾರಗಳು, ತಿಂಗಳುಗಳು. ಮತ್ತೆ ಒಂದು ಸಿಪ್ಪೆ. ಹಾಗೆ ಹತ್ತಾರು ಸಲ, ಒಂದು ವರ್ಷ, ಎರಡು ವರ್ಷ. ಕೊನೆಯವರೆಗೂ ಬಾಗದೆ ನಿಂತದ್ದೇ ಕ್ಯೂ ಆಗುವುದು. ಬಾಗಿದವು ಒಲೆಗೋ, ತೋಟದ ಬಳ್ಳಿಗಳಿಗೆ ಊರೆಗೋಲಾಗಿಯೋ ಹೋಗುತ್ತವೆ. ಕಿಟಕಿಯಾಚೆ ಹಿಮ ಹೊದ್ದ ಹಿತ್ತಲಲ್ಲಿ, ಕಳೆದ ಬೇಸಿಗೆಯ ಟೊಮೆಟೊ ಬಳ್ಳಿಗಳ ಒಣಗಿದ ಎಳೆಗಳನ್ನು ಇನ್ನೂ ತಬ್ಬಿಕೊಂಡು, ಅಂಥ ಏಳೆಂಟು ನುಣುಪು ಕೋಲುಗಳು ನಿಂತಿದ್ದವು.

ಅವನ ಗೋಡೆಯ ಮೇಲೆ ಹಳೆಯ ಕಪ್ಪುಬಿಳುಪು ಚಿತ್ರವೊಂದಿತ್ತು. ಜಾರ್ಜ್ ಬಲಬುಷ್ಕಾ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, ಹುಡುಗನಾಗಿ ಅಮೆರಿಕಕ್ಕೆ ಬಂದು, ಮಕ್ಕಳ ಮರದ ಆಟಿಕೆ ಮಾಡುವ ಬಡಗಿಯಾಗಿದ್ದವನು. 1959ರ ಹೊತ್ತಿಗೆ ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡತೊಡಗಿ, 1975ರಲ್ಲಿ ತೀರಿಕೊಳ್ಳುವವರೆಗೆ ಸಾವಿರ ಚಿಲ್ಲರೆ ಮಾಡಿದನಷ್ಟೆ. ಪಿಟೀಲಿನವರಿಗೆ ಸ್ಟ್ರಾಡಿವೇರಿಯಸ್ ಹೇಗೋ ಪೂಲ್‌ನವರಿಗೆ ಆ ಹೆಸರು ಹಾಗೆ. ನಾನು ಆ ಚಿತ್ರವನ್ನು ಕೈ ಕಟ್ಟಿ ನೋಡುತ್ತಿದ್ದಾಗ ಮುದುಕ ಮೊದಲ ಸಲ ನಕ್ಕ. ಬಲಬುಷ್ಕಾ ಮೊದಮೊದಲು ಕೆಲಸ ಶುರು ಮಾಡುತ್ತಿದ್ದದ್ದು ಯಾವುದರಿಂದ ಗೊತ್ತೆ ಎಂದು ಕೇಳಿದ. ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್‌ನಿಂದ. ಪೂಲ್ ಕೋಣೆಗಳ ಗೋಡೆಗೆ ಒರಗಿಸಿಡುತ್ತಿದ್ದ, ಯಾರು ಬೇಕಾದರೂ ಎತ್ತಿಕೊಂಡು ಆಡುತ್ತಿದ್ದ ಕಾರ್ಖಾನೆಯ ಕೋಲು ಅದು. ಗಾಢ ಬಣ್ಣದ ಮರವೂ ಬಿಳಿಯ ಮೇಪಲ್ಲೂ ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಚೂಪಾಗಿ ಹೊಕ್ಕ ಆ ಬೆಸುಗೆ ಎಷ್ಟು ಗಟ್ಟಿಯೆಂದರೆ, ದೊಡ್ಡ ದೊಡ್ಡ ಕಸುಬುದಾರರೇ ಅದನ್ನು ತಂದು, ಕೊಯ್ದು, ಕಡೆದು, ಹಿಡಿಗೆ ಐರಿಶ್ ಲಿನನ್ ದಾರ ಸುತ್ತಿ, ತಮ್ಮದಾಗಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಬಲಬುಷ್ಕಾನಿಗೆ ಅಂಥ ಬೆಸೆದ ಮರವನ್ನು ಒದಗಿಸಿದವರಲ್ಲಿ ಗಸ್ ಝಾಂಬೋಟಿ ಒಬ್ಬ. ಅವನು ಇದೇ ಪೆನ್ಸಿಲ್ವೇನಿಯಾದವನು ಎನ್ನುವಾಗ ಮುದುಕನ ದನಿಯಲ್ಲಿ ನೆರೆಮನೆಯವನ ಹೆಮ್ಮೆಯಿತ್ತು. 1986ರ 'ದಿ ಕಲರ್ ಆಫ್ ಮನಿ' ಚಿತ್ರದಲ್ಲಿ ಬಲಬುಷ್ಕಾ ಎಂದು ಹೇಳಿ ಟಾಮ್ ಕ್ರೂಸ್ ಕೈಗೆ ಕೊಡುವ ಕೋಲು ನಿಜಕ್ಕೂ ಜಾಸ್ ಕಂಪನಿಯದು, ಪಟ್ಟಿಯಲ್ಲಿ ನಂಬರಿದ್ದ ಮಾಲು. ಲೋಕವೆಲ್ಲ ಅದನ್ನೇ ನೋಡಿ ಬಲಬುಷ್ಕಾ ಎಂದು ಕಣ್ಣರಳಿಸಿತು.

ಸ್ನೂಕರಿನ ಸ್ಟೀಫನ್ ಹೆಂಡ್ರಿಯದು ಇನ್ನೊಂದು ಕಥೆ. ಹುಡುಗನಾಗಿದ್ದಾಗ ಸುಮಾರು 40 ಪೌಂಡಿಗೆ ಕೊಂಡ ಕಾರ್ಖಾನೆಯ ಕೋಲಿನಲ್ಲೇ 1990ರಿಂದ 1999ರೊಳಗೆ ಏಳು ಸಲ ವಿಶ್ವ ಚಾಂಪಿಯನ್ ಆದವನು. 2003ರಲ್ಲಿ ವಿಮಾನದ ಸಾಮಾನಿನಲ್ಲಿ ಅದು ಮುರಿದು ಬಂತು. ಅದನ್ನು ಓದಿದ ರಾತ್ರಿ, ಪೆಟ್ಟಿಗೆಯ ಚಿಲಕ ತೆಗೆದ ಆ ಕ್ಷಣ ಹೇಗಿದ್ದಿರಬಹುದು ಎಂದು ಯೋಚಿಸುತ್ತ ನಿದ್ದೆ ಬಂದಿರಲಿಲ್ಲ.

ನಮ್ಮಲ್ಲಿ ಕೋಲಿಗೇನು ಬರವೇ? ಕಡೆಗೋಲು, ಅಳತೆಗೋಲು, ಊರುಗೋಲು, ಚಿನ್ನಿಕೋಲು, ಅಡಿಕೆ ತೋಟದ ದೋಟಿ. ಸಾಗರದ ಕಡೆಯ ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುತ್ತಿದ್ದ ಕೊನೆಗೌಡ, ಎರಡನೇ ಕೊಯ್ಲು ಮುಗಿದ ಮಧ್ಯಾಹ್ನ, ಮನೆಯ ಜಗಲಿಯಲ್ಲಿ ಕೂತು ಗಾಜಿನ ಚೂರಿನಿಂದ ತನ್ನ ಕತ್ತಿಯ ಹಿಡಿಯನ್ನು ಹೆರೆಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆರೆಯುವುದು, ಮುಷ್ಟಿಯಲ್ಲಿ ಹಿಡಿಯುವುದು, ಕಣ್ಣು ಅರೆಮುಚ್ಚಿ ಏನನ್ನೋ ಆಲಿಸುವುದು, ಮತ್ತೆ ಹೆರೆಯುವುದು. ಪೇಟೆಯಲ್ಲಿ ಹಿಡಿ ಸಮೇತ ಸಿಗುತ್ತದಲ್ಲ ಎಂದು ಅಜ್ಜ ಕೇಳಿದರೆ, 'ಸಿಗ್ತದೆ ಹೆಗಡೇರೆ, ಕೈ ಸಿಗಬೇಕಲ್ಲ' ಎಂದಿದ್ದ.

ಆ ಮಾತು ಯಾಕೆ ನೆನಪಾಯಿತೆಂದರೆ, ಮುದುಕ ಆ ಹೊತ್ತಿಗೆ ಕಪಾಟಿನ ಕೆಳಗಿನಿಂದ ಒಂದು ಚೌಕ ತುಂಡನ್ನು ಎಳೆದು ತೆಗೆದಿದ್ದ. ಧೂಳು ಹಿಡಿದು ಕಂದಾಗಿದ್ದ ಸಾಧಾರಣ ತುಂಡು. ಹಿಂಬದಿಯ ಬಟ್‌ಗೆ ಇದು ಚೆನ್ನ, ಈಸ್ಟ್ ಇಂಡಿಯನ್ ರೋಸ್‌ವುಡ್ ಎಂದು, ಲೇತಿಗೆ ಕಟ್ಟಿ ಉಳಿ ತಾಗಿಸಿದ. ಮೊದಲ ಸುರುಳಿ ಹಾರಿತು. ಕಂದಿನೊಳಗಿನಿಂದ ನೇರಳೆ, ನೇರಳೆಯೊಳಗಿನಿಂದ ಕಪ್ಪು ಗೆರೆ, ಗೆರೆಯ ಬೆನ್ನಿಗೆ ಜೇನಿನ ಬಣ್ಣ, ಮತ್ತೆ ಆ ವಾಸನೆ.

ಗುಲಾಬಿಯಂಥದು, ಆದರೆ ಗುಲಾಬಿಯದಲ್ಲದ, ಒಣಗಿದ ಮೇಲೂ ಒದ್ದೆಯಿರುವಂಥ ವಾಸನೆ. ಅಮ್ಮಮ್ಮನ ಮಂಚದ ಕಾಲು ಸಡಿಲಾಗಿ ಆಚಾರಿ ಬಂದು ತೋಪಡ ಹೊಡೆದ ದಿನ, ಅಂಗಳದ ತುಂಬ ಹರಡಿದ್ದ ಸುರುಳಿಗಳನ್ನು ನಾವು ಮಕ್ಕಳು ಬೆರಳಿಗೆ ಉಂಗುರ ಮಾಡಿ ಹಾಕಿಕೊಂಡು, ರಾತ್ರಿ ಊಟದ ಅನ್ನದಲ್ಲೂ ಅದೇ ಪರಿಮಳ ಕಂಡದ್ದು. ಬೀಟೆ! ಅನುಮತಿಯಿಲ್ಲದೆ ಕೊಡಲಿ ಮುಟ್ಟಿಸುವಂತಿಲ್ಲದ, ಅಜ್ಜ ಬೆಟ್ಟದಲ್ಲಿ ದೂರದಿಂದಲೇ ತೋರಿಸಿ ಹೆಸರು ಹೇಳುತ್ತಿದ್ದ ಮರ. ಮೈಸೂರಿನಲ್ಲಿ ಅದರ ಮೈಗೆ ಕುಸುರಿ ತುಂಬಿ ಚಿತ್ರ ಮಾಡುತ್ತಾರೆ, ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಅದರದೇ ಬಾಗಿಲಿದೆ. ಇಲ್ಲಿ, ಹಿಮದ ನಡುವಿನ ಈ ಕೊಟ್ಟಿಗೆಯಲ್ಲಿ, ಅದು ಹೊಳೆದು ನಿಂತಿದೆ. ಮುದುಕ ಅದಕ್ಕೂ ಕಾಗದಪತ್ರ ತೋರಿಸಿದ. 2017ರ ಜನವರಿಯಿಂದ ಆ ಕುಲದ ಮರಗಳೆಲ್ಲ ಗಡಿ ದಾಟಬೇಕಾದರೆ ಪರವಾನಗಿ ಬೇಕು. ಇದು ಅದಕ್ಕೂ ಎಷ್ಟೋ ಮೊದಲು ಬಂದ ಹಳೆಯ ತುಂಡು. ಯಾವ ಘಟ್ಟದ ಯಾವ ಮಳೆ ಕುಡಿದದ್ದೋ. ಒಂದೊಂದು ಕಪ್ಪು ಗೆರೆಯಲ್ಲೂ ಒಂದೊಂದು ಆಷಾಢ ಕೂತಿದೆಯೆಂದು ಅನ್ನಿಸಿ, ನಾನು ಅದನ್ನು ಮೂಗಿಗೆ ಹಿಡಿದು ಸುಮ್ಮನೆ ನಿಂತೆ. ಮುದುಕ ಲೇತ್ ಆರಿಸಿದ, ಏನನ್ನೂ ಕೇಳಲಿಲ್ಲ. ನೇತಾಡುವ ಕೋಲುಗಳು ಮಾತ್ರ ಒಂದಕ್ಕೊಂದು ತಾಗುತ್ತಿದ್ದವು.

ಆಮೇಲೆ ಅವನು ನನ್ನ ಮುಂಗೈ ಹಿಡಿದು ಅಳೆದ, ಬೆರಳುಗಳನ್ನು ಮಡಿಸಿ ಬಿಡಿಸಿದ, ಅಂಗಡಿಯ ಕೋಲಿನಲ್ಲೇ ನಾಲ್ಕು ಹೊಡೆತ ಹೊಡೆಯಲು ಹೇಳಿ ನನ್ನ ಮೊಣಕೈಯನ್ನೇ ನೋಡುತ್ತಿದ್ದ. ಒಳ್ಳೆಯ ಕೋಲು, ಇದನ್ನು ಬಿಡಬೇಡ ಎಂದ. ಮುಂಗಡವಾಗಿ ಸಣ್ಣ ಮೊತ್ತ ಇಸಿದುಕೊಂಡು, ಮಾಡಿನ ಕೋಲುಗಳಲ್ಲಿ ಒಂದಕ್ಕೆ ನೀಲಿ ದಾರ ಕಟ್ಟಿ, ಇದು ನಿನ್ನದು ಎಂದು ತೋರಿಸಿದ. ಆಗ ಅದು ನನ್ನ ಹೆಬ್ಬೆರಳಿಗಿಂತ ದಪ್ಪವಿತ್ತು. ಟಿಪ್ ಕೂರುವ ಹೊತ್ತಿಗೆ ತುದಿ 13 ಮಿಲಿಮೀಟರಿಗೆ ಇಳಿಯಬೇಕು.

ಎರಡು ಚಳಿಗಾಲ ಕಳೆದಿವೆ. ನಾನು ಬೆಂಗಳೂರಿಗೆ ಮರಳಿದ್ದೇನೆ. ಅಂಗಡಿಯ ಕೋಲು ಜೊತೆಗೇ ಬಂದಿದೆ, ಅದರ ಹಿಡಿಯ ದಾರ ನನ್ನ ಬೆವರಿಗೆ ಕಪ್ಪಾಗುತ್ತ ಬಂದಿದೆ, ನೀಲಿ ಚಾಕ್‌ನ ಹುಡಿ ಅದರ ಟಿಪ್‌ನ ಕೆಳಗಿನ ಫೆರೂಲಿನಲ್ಲಿ ಇಂಗಿದೆ. ಕಳೆದ ತಿಂಗಳು ಮುದುಕನ ಕಾಗದ ಬಂತು, ಮೂರೇ ಸಾಲು. ಬಟ್ ತಯಾರಾಗಿದೆ. ನೀಲಿ ದಾರದ್ದು ಈ ಚಳಿಗೆ ಒಂದಿಷ್ಟು ಮಿಸುಕಿದೆ. ಇನ್ನೊಂದು ಬೇಸಿಗೆ ಕಾದು ನೋಡೋಣ. ಕಾಗದದ ಮಡಿಕೆಯಿಂದ ಬೀಟೆಯ ಸುರುಳಿಯೊಂದು ಮೇಜಿನ ಮೇಲೆ ಬಿತ್ತು, ಸರಿಯಾಗಿ ಒಂದು ಬೆರಳಿಗೆ ಆಗುವಷ್ಟು.