ಅತಿಥಿಯೂ ಒಡೆಯನೂ

ಸುಂದರವಾದುದನ್ನು ಕಂಡಾಗ ಮನುಷ್ಯನಲ್ಲಿ ಎರಡು ಆಸೆಗಳು ಹುಟ್ಟುತ್ತವೆ. ಇನ್ನೂ ಸ್ವಲ್ಪ ಹೊತ್ತು ನೋಡುತ್ತಿರಬೇಕು ಎಂಬುದೊಂದು. ಇದು ತನ್ನದಾಗಬೇಕು ಎಂಬುದು ಮತ್ತೊಂದು. ಮೊದಲನೆಯದು ಕಣ್ಣಿನ ಹಸಿವು, ಎರಡನೆಯದು ಕೈಯ ಹಸಿವು. ಪರದೇಶದ ರಮ್ಯಸ್ಥಳವೊಂದಕ್ಕೆ ಹೋದ ಪ್ರವಾಸಿಯು ಮೂರನೆಯ ದಿನ ಬೆಳಗ್ಗೆ ಕಿಟಕಿಯನ್ನು ತೆರೆದು, ಹಿಮಶಿಖರದ ಮೇಲೆ ಬಿದ್ದ ಎಳೆಬಿಸಿಲನ್ನು ಕಂಡು, “ಇಲ್ಲಿ ನಮ್ಮದೂ ಒಂದು ಮನೆ ಇದ್ದಿದ್ದರೆ!” ಎಂದು ಉದ್ಗರಿಸುವಾಗ, ಆ ಮಾತಿನಲ್ಲಿ ಒಂದು ಧರ್ಮಪ್ರಶ್ನೆಯು ಅಡಗಿದೆಯೆಂಬುದು ಅವನಿಗೆ ತೋರುವುದಿಲ್ಲ. ವರ್ಷದಲ್ಲಿ ಎರಡು ಮೂರು ವಾರ ಮಾತ್ರ ಇರತಕ್ಕ ಮನೆಯನ್ನು ಇನ್ನೊಬ್ಬರ ನಾಡಿನಲ್ಲಿ ಕೊಂಡು, ಉಳಿದ ಕಾಲವೆಲ್ಲ ಅದಕ್ಕೆ ಬೀಗ ಹಾಕಿಡುವುದು ನ್ಯಾಯವೆ?

ಇದು ಈಗ ಕನ್ನಡಿಗರ ಮನೆಗಳಿಗೆ ತೀರ ದೂರದ ಪ್ರಶ್ನೆಯಲ್ಲ. ರಿಜರ್ವ್ ಬ್ಯಾಂಕು 2004ರಲ್ಲಿ ಆರಂಭಿಸಿದ ಯೋಜನೆಯೊಂದರ ಮೇರೆಗೆ, ಭಾರತದಲ್ಲಿ ವಾಸಿಸುವವನೊಬ್ಬನು ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಆ ಹಣದಿಂದ ಅಲ್ಲಿ ಮನೆಯನ್ನೂ ಕೊಳ್ಳಬಹುದು. ಕಾಶಿಗೆ ಹೋಗಿಬರುವುದೇ ಜನ್ಮದ ಸಾಧನೆಯಾಗಿದ್ದ ಮನೆತನಗಳ ಮೊಮ್ಮಕ್ಕಳು ಆಲ್ಪ್ಸ್ ಪರ್ವತದ ತಪ್ಪಲಲ್ಲಿ ಮನೆಗಳ ಬೆಲೆಯನ್ನು ವಿಚಾರಿಸುವ ಕಾಲ ಬಂದಿದೆ. ತಪ್ಪೇನಿಲ್ಲ. ಆದರೆ ಬೆಲೆಯ ಜೊತೆಗೆ ವಿಚಾರಿಸಬೇಕಾದುದು ಇನ್ನೂ ಉಂಟು.

ಈ ಪ್ರಶ್ನೆಯನ್ನು ಕುರಿತು ಅತ್ಯಂತ ದೀರ್ಘವಾಗಿ ಯೋಚಿಸಿರುವ ದೇಶವೆಂದರೆ ಸ್ವಿಟ್ಜರ್ಲೆಂಡು. ಅದರ ವಿಸ್ತೀರ್ಣ 41,285 ಚದರ ಕಿಲೋಮೀಟರು. ಕರ್ಣಾಟಕದ ಕಾಲುಪಾಲಿಗೂ ಕಡಮೆ. ಅಷ್ಟರಲ್ಲಿಯೇ 26 ಪ್ರಾಂತಗಳು, ನಾಲ್ಕು ರಾಷ್ಟ್ರಭಾಷೆಗಳು. ಒಂದು ಕಣಿವೆಯಲ್ಲಿ ಜರ್ಮನ್, ಗುಡ್ಡ ದಾಟಿದರೆ ಇಟಾಲಿಯನ್, ಪಶ್ಚಿಮಕ್ಕೆ ಸರಿದರೆ ಫ್ರೆಂಚ್; ಪೂರ್ವದ ಗ್ರೌಬ್ಯುಂಡನ್ ಪ್ರಾಂತದ ಕೆಲವು ಕಣಿವೆಗಳಲ್ಲಿ ಲ್ಯಾಟಿನ್ನಿನ ಮಗಳಾದ ರೊಮಾನ್ಷ್. ಈ ಕೊನೆಯ ಭಾಷೆಗೆ ರಾಷ್ಟ್ರಭಾಷೆಯೆಂಬ ಮಾನ್ಯತೆಯು 1938ರ ಜನಮತದಿಂದ ದೊರೆಯಿತು.

ಈ ಪರ್ವತಗಳು ಸುಂದರವೆಂಬುದು ಅಲ್ಲಿಯವರಿಗೆ ಮೊದಲಿನಿಂದ ತಿಳಿದಿದ್ದ ಸಂಗತಿಯಲ್ಲ. ಬೆಟ್ಟದ ರೈತನಿಗೆ ಹಿಮವೆಂದರೆ ದನಗಳಿಗೆ ಮೇವಿಲ್ಲದ ತಿಂಗಳುಗಳು. ಶಿಖರವೆಂದರೆ ಮೇಲಿನಿಂದ ಉರುಳಿಬರುವ ಬಂಡೆ. ಬರ್ನ್ ನಗರದ ವೈದ್ಯನಾದ ಹಾಲರನು 1729ರಲ್ಲಿ ಆಲ್ಪ್ಸನ್ನು ಕುರಿತು ಕಾವ್ಯವನ್ನು ರಚಿಸಿದ ಮೇಲೆ ಪಟ್ಟಣಿಗರ ಕಣ್ಣು ಅತ್ತ ಹೊರಳಿತು. 1863ರಲ್ಲಿ ಥಾಮಸ್ ಕುಕ್ಕನು ಇಂಗ್ಲೆಂಡಿನ ಪ್ರವಾಸಿಗಳ ತಂಡವನ್ನು ಅಲ್ಲಿಗೆ ಕರೆತಂದನು. ಮರುವರ್ಷ ಸೇಂಟ್ ಮೊರಿಟ್ಜ್ ಎಂಬ ಊರಿನ ಹೋಟೆಲಿನ ಯಜಮಾನ ಬಾದ್ರುಟ್ಟನು ತನ್ನ ಇಂಗ್ಲಿಷ್ ಅತಿಥಿಗಳಿಗೆ, “ಚಳಿಗಾಲದಲ್ಲಿಯೂ ಬನ್ನಿ, ಬಿಸಿಲು ನಿಮಗೆ ಹಿಡಿಸದಿದ್ದರೆ ಪ್ರಯಾಣದ ವೆಚ್ಚ ನನ್ನದು” ಎಂದು ಪಂಥ ಕಟ್ಟಿದನೆಂದು ಪ್ರತೀತಿಯಿದೆ. ಅವರು ಬಂದರು, ಪಂಥ ಅವನೇ ಗೆದ್ದನು. ಅಲ್ಲಿಯವರೆಗೆ ಈ ಕಣಿವೆಗಳ ಗಂಡುಮಕ್ಕಳು ಪರರಾಜರ ಸೇನೆಗಳಲ್ಲಿ ಸಿಪಾಯಿಗಳಾಗಿಯೋ, ಪರಊರುಗಳಲ್ಲಿ ಮಿಠಾಯಿ ಮಾಡುವವರಾಗಿಯೋ ಹೊಟ್ಟೆ ಹೊರೆಯುತ್ತಿದ್ದರು; ಅನೇಕರು ಅಮೆರಿಕಕ್ಕೆ ಗುಳೆಹೋದರು. ಪ್ರವಾಸಿಯ ಹಣವು ಆ ಬಡತನವನ್ನು ನೀಗಿತು. ಮುಂದಿನ ಮಾತುಗಳನ್ನು ಓದುವಾಗ ವಾಚಕರು ಇದನ್ನು ಮರೆಯಬಾರದು.

ಪ್ರವಾಸಿಯಾಗಿ ಬಂದವನು ಕ್ರಮೇಣ ಕೊಳ್ಳುವವನಾದನು. ಆಗ ದೇಶವು ಎಚ್ಚತ್ತಿತು. 1961ರಲ್ಲಿ, ಹೊರದೇಶದಲ್ಲಿ ವಾಸಿಸುವವರು ಭೂಮಿಯನ್ನು ಕೊಳ್ಳುವುದಕ್ಕೆ ಸರ್ಕಾರದ ಅಪ್ಪಣೆ ಬೇಕೆಂದು ನಿಯಮವಾಯಿತು. ಅದು ಬಿಗಿಯಾಗುತ್ತ ಹೋಗಿ 1983ರಲ್ಲಿ, ಇಂದು ಕೋಲರ್ ಕಾಯಿದೆಯೆಂದು ಪ್ರಸಿದ್ಧವಾಗಿರುವ ಶಾಸನದ ರೂಪ ತಾಳಿತು. ಅದರ ಪ್ರಕಾರ ಪರದೇಶೀಯರಿಗೆ ವಿರಾಮಗೃಹಗಳನ್ನು ಕೊಳ್ಳಲು ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 1,500 ಅಪ್ಪಣೆಗಳು ಮಾತ್ರ. ಅವೂ ಗೊತ್ತುಮಾಡಿದ ಪ್ರವಾಸಿಸ್ಥಳಗಳಲ್ಲಿ. ಮನೆಯ ವಾಸದ ವಿಸ್ತಾರ ಸಾಮಾನ್ಯವಾಗಿ 200 ಚದರ ಮೀಟರನ್ನು ಮೀರುವಂತಿಲ್ಲ. ಮನೆಯನ್ನು ಕೊಂಡ ಮಾತ್ರಕ್ಕೆ ಆ ದೇಶದಲ್ಲಿ ನೆಲಸುವ ಹಕ್ಕು ಬರುವುದಿಲ್ಲ. ಅಂದರೆ ಒಡೆಯನು ತನ್ನ ಸ್ವಂತ ಮನೆಯಲ್ಲಿಯೂ ತಾತ್ಕಾಲಿಕನೇ. ನಾಡಿನ ನೆಲವು ಪರಕೀಯರ ವಶವಾಗಬಾರದು ಎಂಬುದು ಶಾಸನದ ಉದ್ದೇಶ.

ಈ ಕಾಯಿದೆಗಳೆಲ್ಲವೂ ಕೇಳಿದ ಪ್ರಶ್ನೆ ಒಂದೇ: ಕೊಳ್ಳುವವನು ಯಾರು? ಆದರೆ ಐವತ್ತು ವರ್ಷಗಳ ಬಳಿಕ ಆ ಜನಕ್ಕೆ ಇನ್ನೊಂದು ಪ್ರಶ್ನೆ ಹೊಳೆಯಿತು. ಜೂರಿಕ್ ನಗರದ ಸ್ವದೇಶೀಯನೊಬ್ಬನು ಬೆಟ್ಟದ ಮೇಲೆ ಮನೆ ಕಟ್ಟಿಸಿ ವರ್ಷಕ್ಕೆ ಹದಿನೈದು ದಿನ ಅಲ್ಲಿರುತ್ತಾನೆ. ಅವನ ಮನೆಯ ಕಿಟಕಿಗಳು ಉಳಿದ ಮುನ್ನೂರೈವತ್ತು ದಿನ ಮುಚ್ಚಿರುತ್ತವೆ. ಪರದೇಶೀಯನ ಮನೆಯದೂ ಅದೇ ಕಥೆ. ಊರಿಗಾದ ನಷ್ಟದಲ್ಲಿ ಭೇದವೇನು? ಅಂತಹ ಮನೆಗಳ ಹಾಸಿಗೆಗಳಿಗೆ ಅಲ್ಲಿಯವರು ‘ತಣ್ಣನೆಯ ಹಾಸಿಗೆಗಳು’ ಎಂದು ಹೆಸರಿಟ್ಟಿದ್ದಾರೆ. ನವೆಂಬರ್ ತಿಂಗಳ ಸಂಜೆ ಅಂತಹ ಊರಿನ ಬೀದಿಯಲ್ಲಿ ನಡೆದರೆ ಮನೆಗಳು ನೂರಾರು, ದೀಪಗಳು ಕೆಲವೇ. ಶಾಲೆಗೆ ಮಕ್ಕಳಿಲ್ಲ. ಬೆಂಕಿ ಬಿದ್ದರೆ ಆರಿಸುವವರು ಅಲ್ಲಿ ಊರಿನವರೇ; ಆ ಪಡೆಗೆ ಆಳಿಲ್ಲ. ಊರೆಂದ ಮೇಲೆ ಹೆಣ ಹೊರುವುದಕ್ಕೆ ನಾಲ್ಕು ಜನವಾದರೂ ಬೇಕಷ್ಟೆ. ಬೀಗ ಹಾಕಿದ ಮನೆಯಿಂದ ಹೆಗಲು ಬರುವುದಿಲ್ಲ. ರೊಮಾನ್ಷಿನಂತಹ ಸಣ್ಣ ಭಾಷೆಯ ಗತಿಯೂ ಇದೇ. ಆಡುವ ಬಾಯಿಗಳು ಬೀದಿಯಲ್ಲಿರಬೇಕು. ರಾಜ್ಯಾಂಗದಲ್ಲಿ ಹೆಸರಿದ್ದರೆ ಸಾಲದು.

ಪ್ರಕೃತಿಸಂರಕ್ಷಣೆಗಾಗಿ ಜೀವಮಾನವೆಲ್ಲ ಹೋರಾಡಿದ ಫ್ರಾಂಜ್ ವೆಬರನ (1927–2019) ಪ್ರಯತ್ನದಿಂದ ಈ ವಿಷಯವು 2012ರ ಮಾರ್ಚಿ 11ರಂದು ಜನಮತಕ್ಕೆ ಬಂದಿತು. ಯಾವ ಊರಿನಲ್ಲಿಯೂ ಎರಡನೆಯ ಮನೆಗಳು ಒಟ್ಟು ಮನೆಗಳಲ್ಲಿ 100ಕ್ಕೆ 20ನ್ನು ಮೀರಬಾರದು ಎಂಬುದು ಅದರ ಸಾರ. 100ಕ್ಕೆ 50.6 ಮತಗಳಿಂದ ಅದು ಅಂಗೀಕೃತವಾಯಿತು. ವಿವರವಾದ ಕಾಯಿದೆಯು 2016ರಿಂದ ಜಾರಿಯಲ್ಲಿದೆ. ಇಲ್ಲಿ ಜಾತಿ ದೇಶಗಳ ವಿಚಾರವಿಲ್ಲ. ನೀನು ಯಾರು ಎಂಬುದನ್ನು ಬಿಟ್ಟು, ನೀನು ಇಲ್ಲಿ ವಾಸಿಸುತ್ತೀಯೋ ಇಲ್ಲವೋ ಎಂದು ಕೇಳುವ ಕಾಯಿದೆ ಇದು. ಹಳೆಯ ಕೋಲರ್ ಕಾಯಿದೆಯು ಇನ್ನೂ ಇದೆ. ಆದರೂ ಧರ್ಮದೃಷ್ಟಿಯಿಂದ ನೋಡಿದರೆ ಎರಡನೆಯ ಪ್ರಶ್ನೆಯೇ ಮೇಲಾದುದು.

ಶಾಸ್ತ್ರವನ್ನು ಓದಿದವರಿಗೆ ಇದು ಹೊಸದೆನಿಸದು. ಒಂದು ರಾತ್ರಿ ತಂಗಿ ಹೊರಡುವವನೇ ಅತಿಥಿಯೆಂದು ಮನುಸ್ಮೃತಿಯ ನಿರ್ಣಯ. ನಿಲ್ಲದಿರುವುದೇ ಅವನ ಲಕ್ಷಣ. ಆದ್ದರಿಂದಲೇ ಅವನು ಭಾರವಲ್ಲ, ಪೂಜ್ಯನು. ಗೃಹಸ್ಥನ ಲಕ್ಷಣವಾದರೋ ನಿಂತಿರುವುದು. ಅವನ ಮನೆಯಲ್ಲಿ ಅಗ್ನಿಯು ಆರಕೂಡದು. ಇವರಿಬ್ಬರ ನಡುವೆ ಮೂರನೆಯವನೊಬ್ಬನು, ಅತಿಥಿಯಂತೆ ಹೊರಟುಹೋಗುವವನೂ ಗೃಹಸ್ಥನಂತೆ ಬಾಗಿಲನ್ನು ತನ್ನದೆನ್ನುವವನೂ ಆದವನು, ಯಾವ ಸ್ಮೃತಿಯಲ್ಲಿಯೂ ಕಾಣಬರುವುದಿಲ್ಲ. ಒಡೆಯನು ನೋಡುತ್ತಿದ್ದೂ ಮಾತಾಡದೆ ಇಪ್ಪತ್ತು ವರ್ಷ ಪರರಿಗೆ ಭೂಮಿಯನ್ನು ಅನುಭವಿಸಲು ಬಿಟ್ಟರೆ ಅದು ಅವನಿಗೆ ಹಾನಿಯೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಈ ಮಾತನ್ನು ಸೂಕ್ಷ್ಮವಾಗಿ ಒರೆದು, ಅಲ್ಲಿ ನಷ್ಟವಾಗುವುದು ಫಲವೇ ಹೊರತು ಸ್ವತ್ವವಲ್ಲವೆಂದು ಅರ್ಥಮಾಡಿದನು. ಸ್ವತ್ವವೂ ಭೋಗವೂ ಬೇರೆ ಬೇರೆಯಾಗಬಹುದೆಂದು ಆ ಮಹಾಶಯನಿಗೆ ತಿಳಿದಿತ್ತು. ಆದರೆ ಅಲ್ಲಿ ಫಲವನ್ನು ಇನ್ನೊಬ್ಬನಾದರೂ ಉಣ್ಣುತ್ತಿದ್ದನು. ಆಲ್ಪ್ಸಿನ ಬೀಗ ಹಾಕಿದ ಮನೆಯಲ್ಲಿ ಒಡೆಯನೂ ಉಣ್ಣನು, ನೆರೆಯವನೂ ಉಣ್ಣನು.

ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಇದಕ್ಕಿಂತ ಆಳವಾದ ಚರ್ಚೆಯಿದೆ. ವಿಶ್ವಜಿತ್ ಯಾಗದಲ್ಲಿ ಯಜಮಾನನು ತನ್ನದೆಲ್ಲವನ್ನೂ ದಾನಮಾಡಬೇಕು. ಹಾಗಾದರೆ ಚಕ್ರವರ್ತಿಯು ಭೂಮಂಡಲವನ್ನೇ ದಾನಮಾಡಬಹುದೆ? ಮೀಮಾಂಸಕರು ಒಪ್ಪುವುದಿಲ್ಲ. ಹೊಲಗದ್ದೆಗಳಿಗೆ ಒಡೆಯರುಂಟು, ಭೂಮಿಯಾದರೋ ಸರ್ವರಿಗೂ ಸಮಾನವಾದುದು. ಹೊಲವನ್ನು ಕೊಂಡವನು ಹೊಲವನ್ನು ಕೊಂಡನು, ಸರಿ. ಆದರೆ ವಿರಾಮಗೃಹವನ್ನು ಕೊಳ್ಳುವವನು ಹಣ ಕೊಡುವುದು ಗೋಡೆಗಲ್ಲ. ಕಿಟಕಿಯಾಚೆಯ ಶಿಖರಕ್ಕೆ, ಸರೋವರಕ್ಕೆ, ಊರಿನ ಗಂಟೆಯ ನಾದಕ್ಕೆ. ಇವುಗಳಲ್ಲಿ ಒಂದನ್ನೂ ಮಾರುವ ಅಧಿಕಾರ ಯಾರಿಗೂ ಇಲ್ಲ. ಅವನಿಗೆ ದೊರೆಯುವ ಕ್ರಯಪತ್ರದಲ್ಲಿ ಅವನು ಬಯಸಿದುದರ ಹೆಸರೇ ಇರುವುದಿಲ್ಲವೆಂಬುದು ವಿಚಿತ್ರವಲ್ಲವೆ?

ಇಷ್ಟಾದರೂ ಕೊಳ್ಳುವವನನ್ನು ಪಾಪಿಯೆಂದು ತಳ್ಳಿಹಾಕುವುದು ಸುಲಭವಲ್ಲ. 2012ರ ಮತದಾನದಲ್ಲಿ ಬೆಟ್ಟದ ಜನವು ಆ ನಿಯಮವನ್ನು ಬೇಡವೆಂದಿತು. ವಾಲೇ ಪ್ರಾಂತದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮತಗಳು ಅದಕ್ಕೆ ವಿರುದ್ಧ. ಗ್ರೌಬ್ಯುಂಡನ್ ಕೂಡ ಒಪ್ಪಲಿಲ್ಲ. ಬೆಟ್ಟವು ಚಿತ್ರದಂತೆ ಇರಲಿ ಎಂದು ಬಯಸಿದವರು ಮುಖ್ಯವಾಗಿ ಬಯಲಿನ ಪಟ್ಟಣಿಗರು. ಬಡಗಿಗೆ ಕೆಲಸ, ರೈತನ ಕಲ್ಲುನೆಲಕ್ಕೆ ಚಿನ್ನದ ಬೆಲೆ ದೊರೆಯುತ್ತಿದ್ದುದನ್ನು ದೂರದಲ್ಲಿದ್ದವರು ನಿಲ್ಲಿಸಿದರೆಂಬ ಅವರ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಕಾಯಿದೆಯಿಂದ ಇನ್ನೊಂದು ವಿಪರೀತವೂ ಸಂಭವಿಸಿತು. ಹೊಸ ವಿರಾಮಗೃಹಗಳಿಗೆ ತಡೆ ಬಿದ್ದುದರಿಂದ, 2012ಕ್ಕೆ ಮೊದಲೇ ಇದ್ದ ಮನೆಗಳ ಮೇಲೆ ಹಣವಂತರ ದೃಷ್ಟಿ ಬಿದ್ದಿತು. ಅವುಗಳನ್ನು ಎರಡನೆಯ ಮನೆಗಳಾಗಿ ಮಾರ್ಪಡಿಸಲು ಅವಕಾಶವಿದ್ದಿತು. ಎಂಗದೀನ್ ಕಣಿವೆಯಂತಹ ಕಡೆಗಳಲ್ಲಿ ಬಾಡಿಗೆಗಿದ್ದ ಸ್ಥಳೀಯ ಕುಟುಂಬಗಳು ಮನೆ ಬಿಡಬೇಕಾಗಿ, ತಮ್ಮ ಹುಟ್ಟೂರಿನಲ್ಲಿಯೇ ಮನೆ ಸಿಗದೆ ಅಲೆಯುವಂತಾಯಿತು. ಅವರನ್ನು ಉಳಿಸುವುದಕ್ಕೆ ಬಂದ ನಿಯಮವೇ ಅವರಲ್ಲಿ ಕೆಲವರನ್ನು ಹೊರಗೆ ಹಾಕಿತು.

ಕಾಯಿದೆಯಿಂದ ತೀರದ ಮಾತನ್ನು ಕೊಳ್ಳುವವನ ಮನಸ್ಸಿನಲ್ಲಿಯೇ ಹುಡುಕಬೇಕು. ಅವನಿಗೆ ಬೇಕಾದುದು ಸೌಂದರ್ಯದ ಅನುಭವವಷ್ಟೆ? ‘ನನ್ನದು’ ‘ಪರರದು’ ಎಂಬ ಭೇದ ಅಳಿಯದೆ ರಸಾಸ್ವಾದವಾಗದೆಂದು ಭಟ್ಟನಾಯಕನೂ ಅಭಿನವಗುಪ್ತನೂ ನಾಟ್ಯವನ್ನು ಕುರಿತು ಹೇಳಿದ್ದಾರೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದು ಅವರ ಮತದಲ್ಲಿ ರಸವಿಘ್ನ. ಪರ್ವತದ ನೋಟಕ್ಕೂ ಇದು ಸಲ್ಲದೆ? ಮೊದಲ ವರ್ಷ ಅದೇ ಕಿಟಕಿಯಿಂದ ಶಿಖರವನ್ನು ನೋಡಿ ಮೈಮರೆತವನು, ಒಡೆಯನಾದ ಮೇಲೆ ಅದರ ಕೆಳಗಿನ ಸೂರನ್ನು ನೋಡುತ್ತಾನೆ. ಹಿಮದ ಭಾರಕ್ಕೆ ಹಂಚು ಜಾರಿತೆ? ಚಳಿಗೆ ನೀರಿನ ಕೊಳವೆ ಒಡೆಯಿತೆ? ಎದುರಿನವನು ಮಹಡಿ ಎಬ್ಬಿಸಿ ನೋಟವನ್ನು ಮರೆಮಾಡುವನೆ? ಬಂದ ಹದಿನೈದು ದಿನಗಳಲ್ಲಿ ಹತ್ತು ದಿನ ಪ್ಲಂಬರನನ್ನು ಕಾಯುವುದರಲ್ಲಿಯೇ ಕಳೆಯುತ್ತವೆ. ಹಣ ತೆತ್ತು ರಸವಿಘ್ನವನ್ನು ಕೊಂಡಂತಾಯಿತು.

ಹಾಗೆಂದು ಪರದೇಶೀಯನು ಮೂರು ದಿನದ ಪ್ರವಾಸಿಯಾಗಿಯೇ ಇರಬೇಕೆಂದಲ್ಲ. ವರ್ಷಗಟ್ಟಲೆ ಇದ್ದು ಒಂದು ಸ್ಥಳವನ್ನು ಅರಿಯುವ ಪ್ರೀತಿ ಬೇರೆಯೇ ಉಂಟು. ಪ್ರಾಗ್ ನಗರದಲ್ಲಿ ಹುಟ್ಟಿದ ಜರ್ಮನ್ ಕವಿ ರಿಲ್ಕೆಯು 1921ರಲ್ಲಿ ವಾಲೇ ಪ್ರಾಂತಕ್ಕೆ ಬಂದು, ಮ್ಯುಜೋ ಎಂಬಲ್ಲಿಯ ಹಳೆಯ ಗೋಪುರದಂತಹ ಮನೆಯೊಂದರಲ್ಲಿ ನೆಲಸಿದನು. ಮನೆ ಅವನದಲ್ಲ, ವೆರ್ನರ್ ರೈನ್‌ಹಾರ್ಟ್ ಎಂಬ ರಸಿಕನು ಅದನ್ನು ಕೊಂಡು ಕವಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟನು. ಹತ್ತು ವರ್ಷ ಮುಗಿಯದೆ ನಿಂತಿದ್ದ ಶೋಕಗೀತೆಗಳನ್ನು ಕವಿಯು 1922ರ ಫೆಬ್ರುವರಿಯಲ್ಲಿ ಅಲ್ಲಿಯೇ ಮುಗಿಸಿದನು. ಆ ನೆರೆಯ ಜನರ ಮಾತಾದ ಫ್ರೆಂಚಿನಲ್ಲಿಯೂ ಕವಿತೆಗಳನ್ನು ಬರೆದು ಆ ಕಣಿವೆಯ ದ್ರಾಕ್ಷಿತೋಟಗಳನ್ನು ಹಾಡಿದನು. 1926ರ ಕೊನೆಯಲ್ಲಿ ತೀರಿಕೊಂಡವನನ್ನು, ಅವನ ಇಚ್ಛೆಯಂತೆ, ಅದೇ ಪ್ರಾಂತದ ರಾರೋನ್ ಗ್ರಾಮದ ಚರ್ಚಿನ ಬಳಿಯಲ್ಲಿ ಹೂಳಿದರು. ಕ್ರಯಪತ್ರವಿಲ್ಲದ ಅವನು ಊರಿನವನಾದನು.

ಗ್ರೌಬ್ಯುಂಡನ್ ಪ್ರಾಂತದ ಲುಮ್ನೆಜಿಯಾ ಕಣಿವೆಯ ಮೇಲ್ಭಾಗದಲ್ಲಿ ವ್ರೀನ್ ಎಂಬ ಸಣ್ಣ ಊರಿದೆ. ಮಾತು ರೊಮಾನ್ಷ್, ಕಸುಬು ಪಶುಪಾಲನೆ. ಮನೆಯ ನಿವೇಶನಗಳು ಹೊರಗಿನ ವ್ಯಾಪಾರಿಗಳ ಕೈಸೇರದಂತೆ ಊರೇ ಅವುಗಳನ್ನು ಕೊಂಡು ಇರಿಸಿಕೊಂಡಿತು. ಅದೇ ಊರಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಜಿಯೋನ್ ಕಾಮಿನಾದಾ ಹಳೆಯ ಮರದ ಕಟ್ಟಡಗಳ ರೀತಿಯನ್ನೇ ಅನುಸರಿಸಿ ಹೊಸ ಕೊಟ್ಟಿಗೆಗಳನ್ನೂ ಮನೆಗಳನ್ನೂ ಕಟ್ಟಿದನು. 1998ರಲ್ಲಿ ಊರಿಗೆ ವಾಕರ್ ಪಾರಿತೋಷಕ ದೊರೆಯಿತು. ಅಲ್ಲಿ ಯಾರಾದರೂ ಸತ್ತರೆ ದೇಹವನ್ನು ಮನೆಯ ನಡುಕೋಣೆಯಲ್ಲಿ ಇರಿಸಿ ಊರವರೆಲ್ಲ ಬಂದು ನೋಡುವುದು ಹಿಂದಿನ ಪದ್ಧತಿ. ಅದಕ್ಕಾಗಿ ಕಾಮಿನಾದಾ 2002ರಲ್ಲಿ ಚರ್ಚಿನ ಪಕ್ಕದಲ್ಲಿ ಮರದ ಒಂದು ಪುಟ್ಟ ಕಟ್ಟಡವನ್ನು ಕಟ್ಟಿಕೊಟ್ಟಿದ್ದಾನೆ. ‘ಸತ್ತವರ ನಡುಮನೆ’ ಎಂದು ಅದರ ಹೆಸರು. ಒಂದು ಕೋಣೆಯಲ್ಲಿ ಶವವನ್ನಿರಿಸುತ್ತಾರೆ. ಇನ್ನೊಂದರಲ್ಲಿ ನೆರೆಹೊರೆಯವರು ಕುಳಿತು, ಕಾಫಿ ಕುಡಿಯುತ್ತ, ಹೋದವನ ಸಂಗತಿಗಳನ್ನು ತಮ್ಮ ಮಾತಿನಲ್ಲಿ ಆಡಿಕೊಳ್ಳುತ್ತಾರೆ.