ಗಾಳಿ ಯಾರದು?

ಹೋದ ಭಾನುವಾರ ಬೆಳಿಗ್ಗೆ ನಮ್ಮ ಓನರ್ ಅಂಕಲ್ ಒಂದು ಹಾಳೆ ಹಿಡ್ಕೊಂಡು ಮೇಲೆ ಬಂದ್ರು. ಬಸವನಗುಡಿಯಲ್ಲಿ ಅವರ ಮನೆಯ ಮೊದಲ ಮಹಡಿಯಲ್ಲಿ ನಾವು ಬಾಡಿಗೆಗಿದ್ದೀವಿ. ನಮ್ಮ ರಸ್ತೆಯಲ್ಲೇ ಎರಡು ಹಳೇ ಮನೆ ಕೆಡವಿ, ಒಂಬತ್ತು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟೋಕೆ ಹೊರಟಿದ್ದಾರೆ. ಅದನ್ನು ತಡೆಯಬೇಕು ಅಂತ ರಸ್ತೆಯವರು ಸೇರಿ ಬರೆದ ಮನವಿ ಅದು. "ನೀನೂ ಒಂದು ಸೈನ್ ಹಾಕಪ್ಪ. ಆರು ವರ್ಷದಿಂದ ಇಲ್ಲೇ ಇದ್ದೀಯಲ್ಲ" ಅಂದ್ರು.

ಮನವಿಯಲ್ಲಿ ಐದು ಕಾರಣಗಳಿದ್ದವು. ಬಿಸಿಲು ಬರಲ್ಲ, ನೀರು ಸಾಲಲ್ಲ, ಚರಂಡಿ ತಡೆಯಲ್ಲ, ಗಾಡಿ ನಿಲ್ಲಿಸೋಕೆ ಜಾಗ ಇರಲ್ಲ. ಐದನೆಯದು: ಹೊರಗಿನಿಂದ ಬರುವ ಜನರಿಂದ ಬಡಾವಣೆಯ ವಾತಾವರಣ ಹಾಳಾಗುತ್ತದೆ. ನಾಲ್ಕಕ್ಕೂ ತಲೆಯಾಡಿಸಿದ ನಾನು ಐದನೆಯದಕ್ಕೆ ನಿಂತುಬಿಟ್ಟೆ. ನಾನೂ ಹೊರಗಿನಿಂದಲೇ ಬಂದವನಲ್ಲವಾ? "ಓದಿ ಸಂಜೆ ಕೊಡ್ತೀನಿ ಅಂಕಲ್" ಅಂದೆ.

ಇಂಜಿನಿಯರ್ ಬುದ್ಧಿ, ಮೊದಲು ಲೆಕ್ಕ ಹಾಕೋಕೆ ಕೂತೆ. ಕೆಡವಿದ ಎರಡು ಮನೆಯಲ್ಲಿ ಇದ್ದದ್ದು ಹೆಚ್ಚೆಂದರೆ 10 ಜನ. ಮಹಡಿಗೆ 4 ಫ್ಲಾಟಿನಂತೆ 36 ಫ್ಲಾಟು, ಮನೆಗೆ 4 ಜನ ಅಂದರೂ 144 ಜನ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋ ಲೆಕ್ಕ ಹಿಡಿದರೆ, 1,350 ಲೀಟರ್ ಬೇಕಿದ್ದ ಜಾಗಕ್ಕೆ 19,440 ಲೀಟರ್ ಬೇಕು. ನಮ್ಮ ನಲ್ಲಿಗೆ ಬರೋ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಪಂಪ್ ಮಾಡಿ ಮೇಲೆತ್ತಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾದದ್ದನ್ನು ಬೆಂಗಳೂರಿನವರು ಯಾರೂ ಮರೆತಿಲ್ಲ. ಹಾಗಾಗಿ ಅಂಕಲ್ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಆ 144 ಜನ ಇಲ್ಲಿಗೆ ಬರದಿದ್ದರೆ ಮಾಯವಾಗಿಬಿಡ್ತಾರಾ? ಇಲ್ಲ. ಊರಾಚೆ ಯಾವುದೋ ರಾಗಿ ಹೊಲದಲ್ಲಿ ಎದ್ದ ಲೇಔಟಿಗೆ ಹೋಗ್ತಾರೆ. ಅಲ್ಲಿಂದ ದಿನಾ ಎರಡು ಗಂಟೆ ಟ್ರಾಫಿಕ್ಕಲ್ಲಿ ಕೂತು ಬರ್ತಾರೆ. ಅವರಿಗೂ ಅದೇ ಕಾವೇರಿ ನೀರೇ ಬೇಕು. ಮೇಲಕ್ಕೆ ಬೆಳೆಯದ ಊರು ಅಡ್ಡಕ್ಕೆ ಬೆಳೆಯುತ್ತೆ, ಇನ್ನೊಬ್ಬರ ಹೊಲ ನುಂಗುತ್ತೆ.

ಬಸವನಗುಡಿಯಾದರೂ ಹುಟ್ಟಿದ್ದು ಹೇಗೆ? 1898ರಲ್ಲಿ ಪ್ಲೇಗ್ ಬಂದಾಗ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರೋಕೆ ಮಾಡಿದ ಬಡಾವಣೆ ಇದು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಸುಂಕೇನಹಳ್ಳಿ. ಪ್ರತಿ ಕಾರ್ತಿಕದಲ್ಲಿ ನಾವು ಸಂಭ್ರಮದಿಂದ ಹೋಗೋ ಕಡಲೆಕಾಯಿ ಪರಿಷೆ ನೆನಪಿಸೋದು ಆ ಹೊಲಗಳನ್ನೇ. ಕಡಲೆಕಾಯಿ ಬೆಳೆಯುತ್ತಿದ್ದ ರೈತನ ಕಣ್ಣಿಗೆ ನಮ್ಮ ಅಂಕಲ್ ತಾತನೂ ಹೊರಗಿನವನೇ ತಾನೇ?

ಹಾಗಾದರೆ ಮೊದಲು ಬಂದವರಿಗೆ ಯಾವ ಹಕ್ಕೂ ಇಲ್ಲವಾ? ಇಲ್ಲಿ ನನಗೆ ನಮ್ಮೂರಿನ ಕಣ ನೆನಪಾಯ್ತು.

ನಾನು ಆರನೇ ಕ್ಲಾಸಲ್ಲಿದ್ದಾಗ ನಮ್ಮ ಕಣದ ಮೂಡಣಕ್ಕಿದ್ದ ಮನೆಯವರು ಮಹಡಿ ಎತ್ತೋಕೆ ಹೊರಟರು. ರಾಗಿ ತೂರೋಕೆ ನಮಗೆ ಬೇಕಾದದ್ದು ಆ ಕಡೆಯ ಗಾಳಿಯೇ. ತಾತ ಹೋಗಿ ಕೇಳಿದರು. "ಜಾಗ ನಂದು, ದುಡ್ಡು ನಂದು" ಅಂದರು ಅವರು. ತಾತ, "ಜಾಗ ನಿಂದೇ ಕಣಪ್ಪ, ಗಾಳಿ ಯಾರ್ದು?" ಅಂದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗನ ಮದ್ವೆ ಐತೆ ಕಣಣ್ಣ. ಹುಡುಗ್ರು ಎಲ್ಲಿ ಮಲಗ್ಬೇಕು ಹೇಳು" ಅಂದರು. ಈಗ ಸುಮ್ಮನಾಗೋ ಸರದಿ ತಾತನದು. ಕೊನೆಗೆ ಅವರು ಅರ್ಧ ಮನೆಯ ಮೇಲೆ ಮಾತ್ರ ಮಹಡಿ ಕಟ್ಟಿದರು. ತಾತ ಕಣವನ್ನು ಹತ್ತು ಮಾರು ಈಚೆಗೆ ಸರಿಸಿದರು. ಇಬ್ಬರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ಆದರೆ ಮಾತು ಬಿಡಲಿಲ್ಲ, ಮದುವೆಗೆ ನಾವೇ ಮುಂದೆ ನಿಂತು ಬಡಿಸಿದ್ವಿ.

ನನಗೆ ಹೊಳೆದದ್ದು ಇಷ್ಟು. ಮೊದಲು ಬಂದವರಿಗೆ ಬಿಸಿಲು, ಗಾಳಿ, ನೀರಿನಲ್ಲಿ ನ್ಯಾಯವಾದ ಪಾಲು ಕೇಳೋ ಹಕ್ಕಿದೆ. ಮುಂದೆ ಯಾರು ಬರಬೇಕು ಅಂತ ಆರಿಸೋ ಹಕ್ಕಿಲ್ಲ. ಆಮೇಲೆ ಬಂದವರಿಗೆ ಬರೋ ಹಕ್ಕಿದೆ. ದುಡ್ಡು ಕೊಟ್ಟಿದ್ದೀನಿ ಅಂತ ಪಕ್ಕದವರ ಅಂಗಳ ಕತ್ತಲೆ ಮಾಡೋ ಹಕ್ಕಿಲ್ಲ. ಶುಲ್ಕ ಕಟ್ಟಿದರೆ ಇನ್ನಷ್ಟು ಕಟ್ಟಬಹುದು ಅನ್ನೋ ಪ್ರೀಮಿಯಂ ಎಫ್‌ಎಆರ್ ನಿಯಮ ನಮ್ಮ ರಾಜ್ಯದಲ್ಲಿದೆ. ಆದರೆ ಕತ್ತಲಾಗೋದು ಪಕ್ಕದ ಮನೆ, ಉಕ್ಕೋದು ಅದೇ ರಸ್ತೆಯ ಚರಂಡಿ. ಆ ದುಡ್ಡು ಅಲ್ಲಿಗೇ ಬರಬೇಕು ಅಂತ ಕೇಳೋದು ಹೊಟ್ಟೆಕಿಚ್ಚಲ್ಲ.

ಒಂದು ನಿಜ ಹೇಳಿಬಿಡ್ತೀನಿ. ಆ ಕಟ್ಟಡದಲ್ಲಿ ಒಂದು ಫ್ಲಾಟ್ ತಗೊಳ್ಳೋ ಆಸೆ ನನಗೂ ಇತ್ತು. ರೇಟ್ ಕೇಳಿ ಸುಮ್ಮನಾದೆ. ಹಾಗಾಗಿ ನನ್ನ ಸಿಟ್ಟಿನಲ್ಲಿ ನ್ಯಾಯ ಎಷ್ಟು, ನಿರಾಸೆ ಎಷ್ಟು ಅಂತ ನನ್ನನ್ನೇ ಎರಡು ಸಲ ಕೇಳ್ಕೊಂಡೆ. ಹೊಸಬರಿಗೆ ಜಾಗ ಅಂತ ವಾದ ಮಾಡೋ ಈ ಎತ್ತರದ ಕಟ್ಟಡಗಳಲ್ಲಿ, ಹಳೇ ವಠಾರಗಳಲ್ಲಿ ಸಿಗುತ್ತಿದ್ದ ಹಾಗೆ ಸಣ್ಣ ಸಂಬಳದವನಿಗೆ ಜಾಗ ಸಿಗಲ್ಲ ಅನ್ನೋದೂ ಅಷ್ಟೇ ನಿಜ.

ಸಂಜೆ ಕೆಳಗೆ ಹೋಗಿ, "ಅಂಕಲ್, ಐದನೇದು ತೆಗೆದ್ರೆ ಸೈನ್ ಹಾಕ್ತೀನಿ. ಆಮೇಲೆ ಕಟ್ಟಲೇಬಾರದು ಅನ್ನೋದು ಬೇಡ. ಮಹಡಿ ಕಡಿಮೆ ಮಾಡಿ, ಸುತ್ತ ಜಾಗ ಬಿಡಿ, ನೀರು ಚರಂಡಿಗೆ ಮೊದಲು ದಾರಿ ಮಾಡಿ ಅಂತ ಕೇಳೋಣ" ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ತಂದೆ ಹಾಸನದಿಂದ ಬಂದಾಗ ಇಲ್ಲೇ ಹಿಂದಿನ ರಸ್ತೆ ವಠಾರದಲ್ಲಿ ಒಂದು ರೂಮಲ್ಲಿ ಏಳು ಜನ ಇದ್ವಿ" ಅಂದರು. ಆಮೇಲೆ, "ಎಲ್ಲರ ಹತ್ರ ಮತ್ತೆ ಸೈನ್ ಹಾಕಿಸ್ಬೇಕಲ್ಲ ಮಾರಾಯ. ನೀನೇ ಜೊತೆಗೆ ಬಾ" ಅಂದರು.

ಹೋದ್ವಿ. ಇಬ್ಬರು ಹೊಸ ಹಾಳೆಗೆ ಸೈನ್ ಹಾಕಲಿಲ್ಲ. ಮಿಕ್ಕವರು ಹಾಕಿದರು. ಕಟ್ಟಡ ಎಷ್ಟು ಮಹಡಿಗೆ ನಿಲ್ಲುತ್ತೋ ಗೊತ್ತಿಲ್ಲ. ಅಲ್ಲಿಗೆ ಬರೋ ಜನಕ್ಕೆ ಮುಖ ಕೊಟ್ಟು ಮಾತಾಡೋಕಂತೂ ನಮಗೆ ನಾಚಿಕೆ ಆಗಲ್ಲ.